ಜಗ್ಗಬ್ಯಾಡ್ರಿ, ತಾನೇ ಬರ್ತದ

ಗುರಮ್ಮ ಎಂಬ ಹೆಸರು ಕೇಳಿಕೊಂಡು ಬಂದವರು ಗೌಸೋದ್ದೀನರ ಅಂಗಡಿಯ ಬಾಗಿಲಲ್ಲಿ ಒಂದು ಕ್ಷಣ ನಿಂತು, ಒಳಗೆಲ್ಲಾದರೂ ನರೆತ ತಲೆ ಕಾಣುತ್ತದೆಯೇ ಎಂದು ಹುಡುಕುವುದು ವಾಡಿಕೆ. ವೈಜಿನಾಥನೂ ಹುಡುಕಿದ. ಅವನ ಹೆಗಲ ಮೇಲೆ ಕೌದಿಯಲ್ಲಿ ಸುತ್ತಿದ ಉದ್ದನೆಯ ವಸ್ತುವೊಂದಿತ್ತು. ಬೀದರಿನ ಚೌಬಾರಾದ ಓಣಿಯಲ್ಲಿ ಅದನ್ನು ಹೊತ್ತು ಬರುವಾಗ ಇಬ್ಬರು ಹಿರಿಯರು ಬಹಳ ಗಂಭೀರವಾಗಿ ದಾರಿ ಬಿಟ್ಟಿದ್ದರು.

"ಗುರಮ್ಮ ಆಯಿ ಇಲ್ರಿ?"

ಮೇಜಿನ ಹಿಂದೆ ಕುಳಿತಿದ್ದ ಹುಡುಗಿ ಹಣೆಗೇರಿಸಿದ್ದ ಭೂತಗನ್ನಡಿಯನ್ನು ಕಣ್ಣಿಗೆ ಇಳಿಸಿಕೊಂಡು ಅವನನ್ನು ನೋಡಿದಳು. ಗಾಜಿನ ಆಚೆ ಅವಳ ಕಣ್ಣು ಇದ್ದದ್ದಕ್ಕಿಂತ ಮೂರು ಪಟ್ಟು ದೊಡ್ಡದಾಗಿ, ಮೂರು ಪಟ್ಟು ಅನುಮಾನದಿಂದ ಕಂಡಿತು.

"ಅದಾಳ್ರಿ. ಉಂಡು ಮಲ್ಕೊಂಡಾಳ. ಕೂಡ್ರಿ."

"ಎಬ್ಬಸ್ಬ್ಯಾಡ್ರಿ ಮತ್ತ, ವಯಸ್ಸಾದವ್ರು."

"ಹೌದ್ರಿ, ಭಾಳ ವಯಸ್ಸಾಗ್ಯದ. ಮ್ಯಾಲ ಸಿಟ್ಟಿನ ಮುದುಕಿ."

ಅವನು ಕುಳಿತ. ಕೌದಿ ಬಿಚ್ಚಿದ. ಒಳಗಿದ್ದದ್ದು ಸಿಂಥಸೈಜರ್, ಕರೆಂಟಿನಿಂದ ನುಡಿಯುವ ಕೀಬೋರ್ಡ್ ವಾದ್ಯ, ಜಪಾನಿನದು, ನಲವತ್ತು ವರ್ಷ ಹಳೆಯದು. ಖಟಕ ಚಿಂಚೋಳಿಯ ಅವನ ಸೋದರಮಾವ ಮಲ್ಲಿಕಾರ್ಜುನಪ್ಪ ಒಂದು ಕಾಲದಲ್ಲಿ ಆರ್ಕೆಸ್ಟ್ರಾ ಕಟ್ಟಿ, ಭಾಲ್ಕಿಯಿಂದ ಉದಗೀರದವರೆಗಿನ ಮದುವೆಗಳಲ್ಲಿ ಇದನ್ನು ಮೆರೆಸಿದ್ದರು. ಆಮೇಲೆ ಅದು ತೊಗರಿ ಚೀಲಗಳ ಮೇಲೆ ಮಲಗಿತ್ತು. ಈಗ ಪ್ಲಗ್ ಹಾಕಿದರೆ ಗಿರಣಿಯಂತೆ ಗುಂಯ್‌ಗುಡುತ್ತದೆ, ಹಾಡುವುದಿಲ್ಲ.

"ಆಯಿಗಿ ಕಣ್ ಕಾಣ್ತದೇನ್ರಿ?" ವೈಜಿನಾಥ ದನಿ ತಗ್ಗಿಸಿ ಕೇಳಿದ. "ಸಿಟ್ಟಾಗಬ್ಯಾಡ್ರಿ, ಕೇಳ್ತೇನಿ ಅಷ್ಟೇ. ಸಣ್ಣ ಕೆಲಸ ಇದು."

"ಒಂದ್ ಕಣ್ ಭಾಳ ದೊಡ್ಡದ್ ಅದ ಆಕಿದು," ಅಂದಳು ಹುಡುಗಿ, ತಿರುಪು ಬಿಚ್ಚುತ್ತಾ. ಮುಚ್ಚಳ ಎತ್ತಿದಳು. ಒಳಗೆ ಬಗ್ಗಿ ಮೂಸಿದಳು. ಆ ಮೂಸುವಿಕೆಯಲ್ಲಿ ಅವನಿಗೆ ಎಲ್ಲವೂ ಅರ್ಥವಾಯಿತು. ಏಕೆಂದರೆ ಅವನೂ ಮೂಸುವವನೇ. ಠಾಣಾ ಕುಶನೂರಿನಲ್ಲಿ ದನದ ಡಾಕ್ಟರು. ರೋಗಿಯನ್ನು ಮೂಸಿ ನೋಡುವವರು ಗೂಟದ ಹತ್ತಿರ ಸುಮ್ಮನೆ ನಿಲ್ಲುವ ನೆಂಟರಲ್ಲ ಎಂಬುದು ಅವನಿಗೆ ಗೊತ್ತು.

"ಗುರಮ್ಮನೋರು ಎದ್ದಾರೇನ್ರಿ?"

"ಆಕಿ ಯಾವಾಗೋ ಎದ್ದಾಳ. ನಿಮ್ಮ ಪೆಟಗಿ ಹೊಟ್ಟಿ ಬಿಚ್ಚಲತಾಳ."

ಪಕ್ಕದ ಮೇಜಿನಲ್ಲಿ ರೇಡಿಯೊ ಬಿಚ್ಚುತ್ತಿದ್ದ ಗೌಸೋದ್ದೀನ ಚಾಚಾ ತಲೆ ಎತ್ತದೆಯೇ ನಕ್ಕರು.

*

ಗೌಸೋದ್ದೀನರ ಅಂಗಡಿಗೆ ಒಂದು ಕಾಯಿದೆಯುಂಟು. ರೇಡಿಯೊ, ಮಿಕ್ಸರ್, ಟಿವಿಗಳನ್ನು ಬಿಟ್ಟು ಹೋಗಬಹುದು. ವಾದ್ಯವನ್ನು ಹಾಗೆ ಬಿಟ್ಟು ಹೋಗುವಂತಿಲ್ಲ. ಒಂದು ಹಳೆಯ ಸಾಮಾನು ತೆಗೆಯಬೇಕು, ಹೊಸದು ಹಾಕಬೇಕು, ಮಾಲೀಕ ಕುಳಿತು ಕೇಳಬೇಕು, ಆಮೇಲೆ ಮುಂದಿನದು. ಎಲ್ಲವನ್ನೂ ಒಟ್ಟಿಗೆ ಕಿತ್ತು ಹಾಕಿದರೆ ಕೆಡಿಸಿದ್ದು ಯಾವುದು, ಸುಧಾರಿಸಿದ್ದು ಯಾವುದು ತಿಳಿಯುವುದಿಲ್ಲ.

"ಕೈ ಹಮಾರಾ, ಕಿವಿ ನಿಮ್ದು," ಅಂದರು ಚಾಚಾ. "ಗಿರಾಕಿ ಬಂದು ಕುಂತ್ರೇನೇ ಕೆಲಸ. ನಹೀಂ ತೋ ನಹೀಂ."

ಭಾನುವಾರ ಬಿಟ್ಟು ವೈಜಿನಾಥನಿಗೆ ಬಿಡುವಿಲ್ಲ. ಹೀಗಾಗಿ ವಾರಕ್ಕೆ ಒಂದು ಸಾಲು ಸಾಮಾನು ಬದಲಿಸುವುದು ಎಂದು ಒಪ್ಪಂದವಾಯಿತು. ಕಾಯಿದೆಯಲ್ಲಿ ತಾಂತ್ರಿಕವಾಗಿ ಒಂದು ದೋಷವೂ ಇರಲಿಲ್ಲ. ಅದರ ಪ್ರಕಾರ ಮದುವೆಯಾಗದ ಗಂಡಸೊಬ್ಬ ಪ್ರತಿ ಭಾನುವಾರ ಔರಾದ ಬಸ್ಸು ಹಿಡಿದು ಬಂದು, ಮದುವೆಯಾಗದ ಹುಡುಗಿಯ ಎದುರು ಸಂಜೆಯವರೆಗೆ ಕೂರಬೇಕಾಗಿ ಬಂದದ್ದು ಕಾಯಿದೆಯ ತಪ್ಪಲ್ಲ.

ಮೊದಲ ದಿನ ಅವಳು ಪ್ಲಗ್ ಕಿತ್ತು, ಕೈಕಟ್ಟಿ ಸುಮ್ಮನೆ ಕುಳಿತಳು.

"ಶುರು ಮಾಡ್ರಲ್ಲ ಮತ್ತ."

"ತಡೀರಿ. ಈ ದೊಡ್ಡ ಕಂಡೆನ್ಸರ್ ಒಳಗ ಇನ್ನಾ ಕರೆಂಟ್ ಉಳದದ. ವೈರ್ ಕಿತ್ತ ಮ್ಯಾಲೂ ಒದಿತದ."

"ಖರೇನ? ನಮ್ ಎಮ್ಮಿಗೋಳೂ ಹಂಗೇ. ಸೂಜಿ ಹಾಕಿದಾಗ ಸುಮ್ಮ ಇರ್ತಾವ. ಮುಗೀತು ಅಂತ ತಿರುಗಿದ್ ಕೂಡ್ಲೇ ಒದಿತಾವ."

ಅವಳು ಮೀಟರಿನ ಕಡ್ಡಿ ಇಟ್ಟು ಮುಳ್ಳು ಸೊನ್ನೆಗೆ ಇಳಿದ ಮೇಲೆಯೇ ಮುಟ್ಟಿದಳು. ಮೊಬೈಲಿನಲ್ಲಿ ಬೋರ್ಡಿನ ಫೋಟೊ ತೆಗೆದಳು. ಕಂಡೆನ್ಸರಿನ ಮೈಮೇಲಿನ ಬಿಳಿ ಪಟ್ಟಿ ಯಾವ ಕಡೆಗಿದೆಯೆಂದು ಪೆನ್ನಿನಿಂದ ಗುರುತು ಹಾಕಿದಳು. ಆಮೇಲೆ ಅವನಿಗೆ ವಿಚಿತ್ರವೆನಿಸುವ ಕೆಲಸ ಮಾಡಿದಳು: ತೆಗೆಯಬೇಕಾದ ಹಳೆಯ ಬೆಸುಗೆಯ ಮೇಲೆ ಇನ್ನಷ್ಟು ಹೊಸ ಸೋಲ್ಡರ್ ಕರಗಿಸಿದಳು.

"ತೆಗೀಬೇಕಂದ್ರಿ. ಹಾಕ್ಲತೀರಿ?"

"ಹಳೇದು ಒಣಗಿ ಕಲ್ಲಾಗ್ಯದ. ಹೊಸಾದು ಕೂಡಿದ್ರ ಅದೂ ಮೆತ್ತಗ ಆಗ್ತದ. ಆಮ್ಯಾಲ ಎರಡೂ ಕೂಡೇ ಬರ್ತಾವ."

ವೈಜಿನಾಥ ಈ ವಾಕ್ಯವನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಯೋಚಿಸಿದ. ಟಾರ್ಚ್ ಹಿಡಿಯುವ ಕೆಲಸ ಅವನದಾಗಿತ್ತು.

"ಡಾಕ್ಟರ್ ಸಾಬ್, ಬ್ಯಾಟರಿ ನನ್ ಮಾರಿ ಮ್ಯಾಲ ಬಿಡಬ್ಯಾಡ್ರಿ. ಕೆಟ್ಟಿದ್ದು ಬೋರ್ಡ್."

ಬೆಳಕು ಗಡಬಡಿಸಿ ಬೋರ್ಡಿಗೆ ಇಳಿಯಿತು. ಅವಳ ಕಿವಿಯ ತುದಿಗೆ ಮಾತ್ರ ಆ ಬೆಳಕಿನ ಬಿಸಿ ಇನ್ನೂ ಸ್ವಲ್ಪ ಹೊತ್ತು ಉಳಿದಿತ್ತು.

ಹೀಗೆ ಭಾನುವಾರಗಳು ಸಾಗಿದವು. ಅವಳು ಪಂಪಿನಿಂದ ಕರಗಿದ ಸೋಲ್ಡರನ್ನು ಟಪ್ಪೆಂದು ಎಳೆಯುತ್ತಿದ್ದಳು, ಅವನು ಪ್ರಶ್ನೆ ಕೇಳುತ್ತಿದ್ದ. ತಾಮ್ರದ ಗೆರೆಗಳು ಯಾಕೆ ನೇರವಾಗಿಲ್ಲ? ತಣ್ಣಗಿದ್ದಾಗ ಒಂದು ಸ್ವರ, ಬಿಸಿಯಾದ ಮೇಲೆ ಇನ್ನೊಂದು ಸ್ವರ ಯಾಕೆ? ಅವಳೂ ಕೇಳುತ್ತಿದ್ದಳು. ಎಮ್ಮೆಗೆ ನೋವು ಎಲ್ಲಿದೆ ಎಂದು ಹೇಗೆ ತಿಳಿಯುತ್ತದೆ? ಅದು ಸುಳ್ಳು ಹೇಳುತ್ತದೆಯೇ?

"ಹೇಳ್ತದ್ರಿ. ಹುಲ್ಲು ಬ್ಯಾಡಾದ್ರ ಹೊಟ್ಟಿ ಬ್ಯಾನಿ ಅಂತ ನಾಟಕ ಮಾಡ್ತದ."

"ಹ್ಯಾಂಗ ಹಿಡೀತೀರಿ?"

"ಬೆಲ್ಲ ತೋರಸ್ತೇನಿ."

ಅವಳು ನಕ್ಕಾಗ ಕೈಯಲ್ಲಿದ್ದ ಬೆಸುಗೆಯ ಐರನ್ ಅಲ್ಲಾಡಲಿಲ್ಲ. ಕೈ ಅಲ್ಲಾಡದೆ ನಗುವ ಹುಡುಗಿಯನ್ನು ಅವನು ಅದುವರೆಗೆ ನೋಡಿರಲಿಲ್ಲ.

ಗುರಮ್ಮನನ್ನು ನೋಡಲು ಬಂದಿದ್ದ ಗಂಡುಗಳ ಬಗ್ಗೆಯೂ ಇಲ್ಲಿ ಒಂದು ಮಾತು ಹೇಳಬೇಕು. ಪಾಲಿಟೆಕ್ನಿಕ್ ಮುಗಿಸಿದ ಹುಡುಗಿ ಎಂದು ಎಲ್ಲರೂ ಸಂತೋಷಪಟ್ಟರು, ರಿಪೇರಿ ಮಾಡುತ್ತಾಳೆ ಎಂದು ತಿಳಿದ ಮೇಲೆ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: "ಲಗ್ನ ಆದ ಮ್ಯಾಲ ಇದೆಲ್ಲಾ ಬಿಡ್ತಿ ಹೌದಿಲ್ಲೋ?" ಕೆಲಸ ಹೇಗೆ ಮಾಡುತ್ತೀ ಎಂದು ಒಬ್ಬರೂ ಕೇಳಿರಲಿಲ್ಲ. ಈ ಡಾಕ್ಟರು ಅದನ್ನು ಬಿಟ್ಟು ಬೇರೇನೂ ಕೇಳುತ್ತಿರಲಿಲ್ಲ.

ಒಂದು ಭಾನುವಾರ ಅವಳು ಒಳಗಿನ ಆರು ಐಸಿ ಚಿಪ್‌ಗಳನ್ನು ತೋರಿಸಿದಳು. ಕಪ್ಪು, ಚಪ್ಪಟೆ, ಜರಿಹುಳದಂತೆ ಎರಡೂ ಬದಿಗೆ ಕಾಲು.

"ಇವು ಆರು ಮಂದಿ ಹಾಡೋರು. ನೀವು ಕೀ ಒತ್ತಿದ್ರ ಪಾಳಿ ಪ್ರಕಾರ ಒಬ್ಬೊಬ್ಬರು ಹಾಡ್ತಾರ. ಇವಕ್ಕ ಬೆಸುಗೆ ಇಲ್ಲ, ಕುರ್ಚಿ ಮ್ಯಾಲ ಕುಂತಾವ. ಎಬ್ಬಸಬಹುದು, ಮತ್ತ ಕೂಡಸಬಹುದು. ಆದ್ರ ತಲಿ ಕಡಿ ಈ ಅರ್ಧಚಂದ್ರದ ಗುರುತು ಅದ ನೋಡ್ರಿ, ಇದು ಮ್ಯಾಲ ಬರಬೇಕು. ಉಲ್ಟಾ ಕೂಡಸಿದ್ರ ಸುಟ್ಟೇ ಹೋಗ್ತಾವ. ಈಗ ಎಲ್ಲೂ ಇವನ್ನ ಮಾಡಲ್ಲ."

"ಮ್ಯಾಲ," ಅಂದ ಅವನು, ಚೆನ್ನಾಗಿ ಮನದಟ್ಟು ಮಾಡಿಕೊಂಡು.

*

ಕೊನೆಯ ಕಂಡೆನ್ಸರ್ ಬದಲಾದ ದಿನ ಪೆಟ್ಟಿಗೆ ಹಾಡಿತು. ಗುಂಯ್ ಇಲ್ಲ, ಕರಕರವಿಲ್ಲ. ವೈಜಿನಾಥ ಮಾವನ ಹಳೆಯ ಮದುವೆ ಧಾಟಿಯೊಂದನ್ನು ನುಡಿಸಿದ. ಚಾಚಾ ತಲೆದೂಗಿದರು. ಗುರಮ್ಮ ಬಟ್ಟೆಯಿಂದ ಮುಚ್ಚಳ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

"ಆರಾಮಾಯ್ತು," ಅಂದಳು. "ಇನ್ನ ಬರೋದೇನ್ ಬ್ಯಾಡ."

ವೈಜಿನಾಥ ದಿನವೂ ರೈತರಿಗೆ ಹೇಳುವ ಮಾತೇ ಅದು. ಹೇಳಿಸಿಕೊಂಡರೆ ಹೇಗಿರುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. "ಹೌದ್ರಿ," ಎಂದು ಕೌದಿ ಸುತ್ತಿದ. ಬಾಗಿಲಲ್ಲಿ ಒಮ್ಮೆ ನಿಂತ. ಅವಳು ಆಗಲೇ ಯಾರದೋ ಮೊಬೈಲಿನ ಮೇಲೆ ಬಗ್ಗಿದ್ದಳು. ಆ ಮೊಬೈಲಿಗೆ ಏನೂ ಆಗಿರಲಿಲ್ಲ, ಅದು ಅವಳದೇ.

ಎರಡು ಭಾನುವಾರ ಅವನು ಠಾಣಾ ಕುಶನೂರಿನಲ್ಲೇ ಇದ್ದ. ಸ್ವರ ನುಡಿಸಿದ. ಎಲ್ಲವೂ ಸರಿಯಾಗಿತ್ತು. ಅದೇ ತೊಂದರೆ.

ಮೂರನೆಯ ಭಾನುವಾರ ಕೌದಿಯ ಗಂಟು ಮತ್ತೆ ಚೌಬಾರಾದ ಓಣಿಯಲ್ಲಿ ಕಾಣಿಸಿಕೊಂಡಿತು.

"ಯಾಕ್ರಿ ಡಾಕ್ಟರ್ ಸಾಬ್!" ಗುರಮ್ಮನ ದನಿಯಲ್ಲಿ ಸಂತೋಷ ಮೊದಲು ಬಂತು, ಪ್ರಶ್ನೆ ಆಮೇಲೆ.

"ಒಮ್ಮಿ ಹಾಡ್ತದ, ಒಮ್ಮಿ ಇಲ್ರಿ."

ಅವಳು ಒಂದೇ ಕೀಯನ್ನು ಮತ್ತೆ ಮತ್ತೆ ಒತ್ತಿದಳು. ಐದು ಸಲ ನುಡಿಯಿತು, ಆರನೆಯ ಸಲ ಮೌನ. ಮತ್ತೆ ಐದು ಸಲ, ಮತ್ತೆ ಮೌನ. ಆರು ಮಂದಿಯಲ್ಲಿ ಒಬ್ಬ ಮೂಕನಾಗಿದ್ದ. ತಿರುಪು ಬಿಚ್ಚಲು ಹೋದವಳು ತಡೆದಳು. ತಿರುಪಿನ ತಲೆಯಲ್ಲಿ ಹೊಸ ಗೀರುಗಳಿದ್ದವು. ಅವಳ ಸ್ಕ್ರೂಡ್ರೈವರ್ ಹಾಗೆ ಜಾರುವುದಿಲ್ಲ. ಮುಚ್ಚಳ ಎತ್ತಿದಳು. ಕೊನೆಯ ಐಸಿಯ ಅರ್ಧಚಂದ್ರ ಕೆಳಗಿತ್ತು. ಅದರ ಬೆನ್ನ ಮೇಲೆ ಸಾಸಿವೆ ಕಾಳಿನಷ್ಟು ಬೊಬ್ಬೆ.

"ಯಾರು ಬಿಚ್ಚಿದ್ರು?"

"ನಾನೇ."

"ಮ್ಯಾಲ ಇರಬೇಕು ಅಂತ ಹೇಳಿದ್ದೆ."

"ಮ್ಯಾಲೇ ಇಟ್ಟೇನ್ರಿ. ನಾ ಆ ಕಡಿಯಿಂದ ನಿಂತಿದ್ದೆ."

ಅದು ನಿಜವೇ. ಅವಳು ಪೆಟ್ಟಿಗೆಯ ಮುಂದೆ ಕೂತು ಕಲಿಸಿದ್ದಳು, ಅವನು ಮುಚ್ಚಳದ ಹಿಂದೆ ನಿಂತು ಟಾರ್ಚ್ ಹಿಡಿದು ಕಲಿತಿದ್ದ. ಮನೆಯಲ್ಲಿಯೂ ಹಾಗೆಯೇ ಹಿಂದೆ ನಿಂತ. ಅವನ ಮೇಲು ಅವಳ ಕೆಳಗು.

"ಅದೆಲ್ಲಾ ಇರ್ಲಿ. ಬಿಚ್ಚಿದ್ದು ಯಾಕ?"

ಚಾಚಾ ಎದ್ದು, ಚಹಾ ಹೇಳಿ ಬರುತ್ತೇನೆಂದು ಹೊರಗೆ ಹೋದರು. ಮೇಜಿನ ಮೇಲೆ ಚಹಾ ಆಗಷ್ಟೇ ಬಂದಿತ್ತು.

"ಕೆಡಸೋ ಮನಸಿರಲಿಲ್ರಿ," ಅಂದ ವೈಜಿನಾಥ. "ಎಬ್ಬಿಸಿ, ಸ್ವಲ್ಪ ಸಡ್ಲ ಕೂಡಸಬೇಕು ಅಂತಿದ್ದೆ. ಆರಾಮಾದ್ರ ಬರೋದು ಬ್ಯಾಡ ಅಂದ್ರಲ್ಲ ನೀವು. ಆರಾಮ ಇರಲಿಲ್ಲಂದ್ರ ಬರಬಹುದಲ್ಲ ಅಂತ..."

ಅವಳ ಮುಖ ಕೆಂಪಾಯಿತು. ನಾಚಿಕೆಯೆಂದು ಅವನು ಒಂದು ಕ್ಷಣ ತಿಳಿದ. ಅಲ್ಲ.

"ನಿಮಗೊಬ್ಬ ರೈತನ ಮನಿಗಿ ಹೋಗೋ ಆಸೆ ಆದ್ರ ಅವನ ಎಮ್ಮಿ ಕಾಲ್ ಮುರೀತೀರೇನು?"

ಅವನು ತಿರುಪಿನ ತಲೆಯ ಗೀರುಗಳನ್ನು ನೋಡಿದ.

"ಬರಬೇಕಂತಿದ್ರ ಬರಬೇಕಿತ್ತು. ಇದರ ಜೀವ ಯಾಕ ತಗೊಂಡ್ರಿ? ನಲವತ್ತು ವರ್ಷ ಹಾಡ್ಯದ ಇದು. ಇನ್ನೊಂದು ಎಲ್ಲಿಂದ ತರ್ಲಿ ನಾ?" ಅವಳು ಮುಚ್ಚಳ ಮುಚ್ಚಿದಳು. "ಒಯ್ರಿ. ಸುಮ್ಮ ಇದ್ದದ್ದಕ್ಕ ಕೈ ಹಾಕೋರ ಸಾಮಾನು ನಾ ಮುಟ್ಟಲ್ಲ."

ಅವನು ಒಯ್ದ. ಓಣಿಯ ತಿರುವಿನಲ್ಲಿ, ಯಾವ ಚಹಾದಂಗಡಿಯೂ ಇಲ್ಲದ ಕಡೆ, ಚಾಚಾ ನಿಂತಿದ್ದರು.

"ಬೇಟಾ, ಭಾಲ್ಕಿದಾಗ ಖಾಸಿಂ ಅಲಿ ಅಂತ ಅದಾರ. ನಿಮ್ಮ ಮಾಮುಗ ಕಾಂಪಿಟೇಶನ್ ಇದ್ರು. ಅವರ ಹತ್ರಾನೂ ಇದೇ ಪೆಟ್ಟಿ ಇತ್ತು. ಜಾಕೆ ದೇಖೋ."

*

ಖಾಸಿಂ ಅಲಿಯವರ ಹತ್ತಿರ ಪೆಟ್ಟಿಗೆ ಇತ್ತು. ಪಡಸಾಲೆಯಲ್ಲಿ, ಎರಡು ಇಟ್ಟಿಗೆ ಸಾಲಿನ ಮೇಲೆ, ಅದರ ಮೇಲೊಂದು ಕಸೂತಿ ಬಟ್ಟೆ, ಬಟ್ಟೆಯ ಮೇಲೆ ಪಾನದಾನಿ. ಹಿಂದೊಮ್ಮೆ ಮಳೆನೀರು ಹೊಕ್ಕು ಅರ್ಧ ಸತ್ತಿತ್ತು. ಯಾರೋ ಪುಣ್ಯಾತ್ಮ ರಿಪೇರಿಗೆಂದು ಒಳಗಿನ ಕುರ್ಚಿಗಳನ್ನೆಲ್ಲ ಕಿತ್ತು, ಐಸಿಗಳನ್ನು ನೇರ ಬೋರ್ಡಿಗೆ ಬೆಸೆದಿದ್ದ.

"ಮಲ್ಲಣ್ಣನ ಅಳಿಯಾ ನೀನು? ಕೊಡ್ತೇನಿ," ಅಂದರು ಮುದುಕರು. "ಆದ್ರ ನನ್ನ ಕಣ್ಮುಂದ ತೆಗೀಬೇಕು. ಹಲ್ಲು ಬರಲಿ, ಒಸಡಿಗಿ ಏಟು ಬೀಳಬಾರದು. ಇದೂ ಒಂದಿನ ಹಾಡಬಹುದು, ಯಾರಿಗ್ ಗೊತ್ತು?"

ವೈಜಿನಾಥ ಬೀದರಿಗೆ ಬಂದ. ಕೈಯಲ್ಲಿ ಕೌದಿಯ ಗಂಟಿರಲಿಲ್ಲ. ಕ್ಷಮಿಸಿ ಎಂದು ಕೇಳಲೂ ಇಲ್ಲ. ಕೇಳಿದ್ದರೆ ಅವಳು ಬಾಗಿಲು ತೋರಿಸುತ್ತಿದ್ದಳು. ಅವನು ಕೇಳಿದ್ದು ಬೇರೆ.

"ಬೆಸುಗೆ ಹಾಕಿದ ಐಸಿ. ಐಸಿನೂ ಉಳೀಬೇಕು, ಬೋರ್ಡೂ ಉಳೀಬೇಕು. ಆಗ್ತದೇನ್ರಿ?"

ಗುರಮ್ಮ ಉತ್ತರ ಕೊಡಬಾರದೆಂದುಕೊಂಡಳು. ಆದರೆ ಸಿಟ್ಟನ್ನೂ ಕುತೂಹಲವನ್ನೂ ತಕ್ಕಡಿಗೆ ಹಾಕಿದರೆ ಕುತೂಹಲ ಒಂದು ಗುಲಗಂಜಿ ಹೆಚ್ಚು ತೂಗುವ ಜಾತಿಯವಳು ಅವಳು.

"ಎಲ್ಲರೂ ಒಂದನ್ನ ಕಳಕೋತಾರ," ಅಂದಳು, ಅವನ ಕಡೆ ನೋಡದೆ. "ಬೋರ್ಡ್ ಉಳಸೋರು ಐಸಿ ಕಾಲು ಕತ್ತರಸ್ತಾರ. ಐಸಿ ಉಳಸೋರು ಬೋರ್ಡ್ ಕೊಯ್ತಾರ. ಎರಡೂ ಉಳಸೋದು..." ಐರನ್ನಿನ ತುದಿಯನ್ನು ಒದ್ದೆ ಸ್ಪಂಜಿಗೆ ಒರೆಸಿದಳು. ಅದು ಚುಂಯ್ ಅಂದಿತು. "ಎಷ್ಟು ಕಾಲವ?"

"ಇಪ್ಪತ್ನಾಲ್ಕು."

"ಭಾನುವಾರ ಭಾಲ್ಕಿಗಿ ಬರ್ತೇನಿ. ಪೆಟಗಿ ಸಲುವಾಗಿ."

"ಪೆಟಗಿ ಸಲುವಾಗೇ," ಅಂದ ವೈಜಿನಾಥ.

*

ಖಾಸಿಂ ಅಲಿಯವರ ಪಡಸಾಲೆಯಲ್ಲಿ ಪಾನದಾನಿ ಇಳಿಯಿತು, ಬೋರ್ಡು ಹೊರಗೆ ಬಂತು. ಗುರಮ್ಮ ಮಣಿಕಟ್ಟಿಗೆ ಅರ್ಥ್ ವೈರಿನ ಪಟ್ಟಿ ಕಟ್ಟಿಕೊಂಡಳು. ಮೈಯಲ್ಲಿ ಕೂತ ಕಾಣದ ಕರೆಂಟು ಕೂಡ ಇಂಥ ಐಸಿಯನ್ನು ಕೊಲ್ಲಬಹುದು. ಕಾಲುಗಳಿಗೆ ಬೆಸುಗೆಯ ಪೇಸ್ಟ್ ಸವರಿದಳು, ಹೊಸ ಸೋಲ್ಡರ್ ಕೂಡಿಸಿದಳು, ಪಂಪಿನಿಂದ ಎಳೆದಳು, ಉಳಿದದ್ದನ್ನು ತಾಮ್ರದ ಹೆಣಿಗೆ ಪಟ್ಟಿಗೆ ಕುಡಿಸಿದಳು. ಒಂದು ಕಾಲಾದ ಮೇಲೆ ಪಕ್ಕದ ಕಾಲಿಗೆ ಹೋಗಲಿಲ್ಲ. ಒಂದೇ ಕಡೆ ಬಿಸಿ ಏರಬಾರದೆಂದು ದೂರದ ಇನ್ನೊಂದು ಕಾಲಿಗೆ ಹೋದಳು.

"ಡಾಕ್ಟರಾ," ಅಂದರು ಖಾಸಿಂ ಅಲಿ, "ಈಕಿ ಕೈ ನೋಡು. ನಿಮ್ಮ ಮಾಮುನ ಪೆಟ್ಟಿ ಬಜಾಯಿಸೋ ಕೈಗಿಂತ ಛಲೋ ಅದ."

"ನಮ್ ಮಾಮಗ ಹೇಳ್ಲೇನ್ರಿ?"

"ಹೇಳು! ನಲವತ್ತು ವರ್ಷದಿಂದ ಹೇಳ್ಲತೇನಿ, ಕೇಳಲ್ಲ ಅಂವ."

ಒಂದೊಂದಾಗಿ ಕಾಲುಗಳು ಸಡಿಲಾದವು. ಚಿಮಟದಿಂದ ಮುಟ್ಟಿದರೆ ಅಲ್ಲಾಡುತ್ತಿದ್ದವು. ಎರಡು ಮಾತ್ರ ಅಲ್ಲಾಡಲಿಲ್ಲ. ಅವು ಅಗಲವಾದ ತಾಮ್ರದ ತಗಡಿಗೆ ಬೆಸೆದುಕೊಂಡಿದ್ದವು. ಕೊಟ್ಟ ಬಿಸಿಯನ್ನೆಲ್ಲ ಅದು ಕುಡಿದುಬಿಡುತ್ತಿತ್ತು.

ಗುರಮ್ಮ ಕೈ ತೆಗೆದು ಬೆವರು ಒರೆಸಿಕೊಂಡಳು. ಅವೆರಡಕ್ಕೂ ಕೆಳಗಿನಿಂದ ಒಟ್ಟಿಗೆ ಐರನ್ ಇಡಬೇಕು. ಅದಕ್ಕೆ ಅವಳ ಎರಡೂ ಕೈ ಬೇಕು. ಅದೇ ಹೊತ್ತಿಗೆ ಮೇಲಿನಿಂದ ಇನ್ಯಾರೋ ಐಸಿಯನ್ನು ಹಿಡಿದಿರಬೇಕು. ಕೂದಲಷ್ಟು ಅವಸರ ಮಾಡಿ ಜಗ್ಗಿದರೂ ಕಾಲಿನ ಜೊತೆ ತಾಮ್ರದ ಉಂಗುರವೂ ಕಿತ್ತುಬರುತ್ತದೆ.

ಪಡಸಾಲೆಯಲ್ಲಿ ಇದ್ದ ಇನ್ನೆರಡು ಜೋಡಿ ಕೈಗಳಲ್ಲಿ ಒಂದು ಮುದುಕರದು, ನಡುಗುವಂಥದು. ಇನ್ನೊಂದು, ಅವಳು ಎಂದೂ ಮುಟ್ಟಗೊಡಬಾರದೆಂದು ತೀರ್ಮಾನಿಸಿದ್ದ ಕೈ.

ಅವಳು ಪಟ್ಟಿಯನ್ನು ಬಿಚ್ಚಿ ವೈಜಿನಾಥನ ಮಣಿಕಟ್ಟಿಗೆ ಕಟ್ಟಿದಳು. ಬಹಳ ಹೊತ್ತು ಹಿಡಿಯುವ ಕೆಲಸವಲ್ಲ ಅದು, ಹಿಡಿಯಿತು. ತನ್ನ ಕೈಗೆ ತಂತಿಯೊಂದನ್ನು ಸುತ್ತಿಕೊಂಡಳು.

"ಜಗ್ಗಬ್ಯಾಡ್ರಿ."

"ಇಲ್ರಿ."

"ಬರ್ಲಿಲ್ಲ ಅಂತ ಅನಿಸ್ತದ. ಆದ್ರೂ ಜಗ್ಗಬ್ಯಾಡ್ರಿ. ತಾನೇ ಬರ್ತದ."

"ಕರು ಅಡ್ಡ ಸಿಕ್ಕಾಗ ಮನಿ ಮಂದಿ ಎಲ್ಲಾ ಜಗ್ಗು ಜಗ್ಗು ಅಂತಾರ್ರಿ," ಅಂದ ಅವನು, ಐಸಿಯನ್ನು ಚಿಮಟದಲ್ಲಿ ಹಿಡಿಯುತ್ತಾ. "ಜಗ್ಗಿದ್ರ ಎರಡೂ ಸಾಯ್ತಾವ. ಆಕಳು ತಿಣುಕಿದಾಗ ಜೊತಿಗಿ ಹೋಗಬೇಕು, ಆಕಿ ನಿಂತಾಗ ನಿಲ್ಲಬೇಕು. ಅಷ್ಟೇ ಡಾಕ್ಟರ ಕೆಲಸ."

ಅವಳು ಬೋರ್ಡಿನ ಕೆಳಗಿನಿಂದ ಒಮ್ಮೆ ಅವನ ಮುಖ ನೋಡಿದಳು. ಎರಡು ಐರನ್ ಇಟ್ಟಳು. ಸಣ್ಣ ಹೊಗೆ ಎದ್ದಿತು. ಇಬ್ಬರ ಉಸಿರೂ ಅದನ್ನು ಚದುರಿಸದಂತೆ ನಿಂತಿತು. ಏನೂ ಆಗಲಿಲ್ಲ. ಇನ್ನೂ ಏನೂ ಆಗಲಿಲ್ಲ. ಖಾಸಿಂ ಅಲಿ ಏನೋ ಹೇಳಲು ಬಾಯಿ ತೆರೆದು, ವೈಜಿನಾಥನ ಕೈ ನೋಡಿ, ಮುಚ್ಚಿದರು. ಆ ಕೈ ಎಳೆಯುತ್ತಿರಲಿಲ್ಲ, ಬಿಡುತ್ತಲೂ ಇರಲಿಲ್ಲ.

ಆಮೇಲೆ ಐಸಿ ಎದ್ದು ಬಂತು, ತನಗೇ ಸಾಕಾಯಿತೆಂಬಂತೆ.

ಗುರಮ್ಮ ಭೂತಗನ್ನಡಿ ಇಳಿಸಿ ಒಂದೊಂದೇ ಉಂಗುರ ನೋಡಿದಳು. ಎಲ್ಲವೂ ಇದ್ದವು. ಖಾಲಿಯಾದ ಜಾಗಕ್ಕೆ ಹೊಸದೊಂದು ಕುರ್ಚಿಯನ್ನು ಬೆಸೆದಳು. ಎಂದಾದರೂ ಯಾರಾದರೂ ಸಿಕ್ಕರೆ ಕೂರಲಿ. ಆಮೇಲೆ ಹೊರಬಂದ ಐಸಿಯ ಕಾಲುಗಳನ್ನು ತೊಳೆದು ನೇರ ಮಾಡಿ, ವೈಜಿನಾಥ ಹೊತ್ತು ತಂದಿದ್ದ ಪೆಟ್ಟಿಗೆಯ ಮುಚ್ಚಳ ಎತ್ತಿ, ಸುಟ್ಟದ್ದನ್ನು ಎಬ್ಬಿಸಿ, ಇದನ್ನು ಅವನ ಅಂಗೈಗೇ ಇಟ್ಟಳು.

"ಕೂಡಸ್ರಿ."

"ನಾನು?"

"ಈ ಕಡಿ ಬಂದು ನಿಂತು."

ಅವನು ಸುತ್ತಿಬಂದು ಅವಳ ಪಕ್ಕದಲ್ಲಿ ನಿಂತ. ಅಲ್ಲಿಂದ ನೋಡಿದರೆ ಇಬ್ಬರಿಗೂ ಮೇಲು ಒಂದೇ ಕಡೆ ಇತ್ತು. ಕೂರಿಸಿದ. ಅವಳು ಪರೀಕ್ಷಿಸಿ ಪ್ಲಗ್ ಹಾಕಿದಳು. ಒಂದೇ ಕೀಯನ್ನು ಒತ್ತುತ್ತಾ ಹೋದಳು. ಆರನೆಯ ಸಲ ಸ್ವರ ಬಂತು, ಉಳಿದವಕ್ಕಿಂತ ಒಂದು ಎಳೆ ಏರು ದನಿಯಲ್ಲಿ.

"ಅದು ನಂದು!" ಖಾಸಿಂ ಅಲಿ ಗೋಡೆ ಹಿಡಿದು ಎದ್ದರು. "ಕೇಳ್ರಿ, ಮಲ್ಲಣ್ಣನ ಐದು ಮಂದಿಗಿಂತ ನಂದು ಮ್ಯಾಲ ಹಾಡ್ಲತದ!"

"ಬಿಸಿ ಆದ ಮ್ಯಾಲ ಶ್ರುತಿ ಕೂಡಸ್ತೇನ್ರಿ ಚಾಚಾ."

"ಕೂಡಸಬ್ಯಾಡ ಬೇಟಿ. ಸ್ವಲ್ಪ ಹೊತ್ತು ಇರ್ಲಿ."

*

ಭಾಲ್ಕಿಯಿಂದ ಬೀದರಿಗೆ ಹೋಗುವ ಬಸ್ಸಿನಲ್ಲಿ ಮೂವರ ಸೀಟು ಸಿಕ್ಕಿತು. ಗುರಮ್ಮ ಕಿಟಕಿಗೆ ಕುಳಿತಳು, ವೈಜಿನಾಥ ಈಚೆಗೆ. ನಡುವೆ, ಕೌದಿ ಹೊದ್ದ ಪೆಟ್ಟಿಗೆ ಮನೆಯ ಹಿರಿಯರಂತೆ ಒರಗಿ ನಿಂತಿತು. ಅದರ ಆಚೆಗೆ ಅವನಿಗೆ ಅವಳ ಹಣೆ ಮಾತ್ರ ಕಾಣುತ್ತಿತ್ತು.

"ಈಗ ಇದು ಆರಾಮದ," ಅಂದಿತು ಹಣೆ.

"ಹೌದ್ರಿ."

"ಬರೋ ಭಾನುವಾರ ಅಂಗಡಿಗಿ ಬರ್ರಿ."

"ಯಾಕ್ರಿ? ಏನರೆ ಉಳದದೇನು?"

"ಏನೂ ಉಳದಿಲ್ಲ. ಏನೂ ಕೆಡಲಾರದ, ಏನೂ ಹೊತ್ಕೊಂಡು ಬರಲಾರದ, ಬರೇ ಕೈಲೆ ಬರ್ರಿ. ಹಂಗ ಬರ್ಲಿಕ್ಕ ಧೈರ್ಯ ಅದೇನ್ ನೋಡ್ತೇನಿ."

ಬಸ್ಸು ಗೇರ್ ಬದಲಿಸಿತು.

"ಬಂದು ಏನಂತ ಹೇಳ್ಲಿ?"

"ಅದನ್ನೂ ನಾನೇ ಹೇಳಬೇಕೇನು? ಅಷ್ಟು ಪ್ರಶ್ನೆ ಕೇಳೋರು, ಒಂದು ಉತ್ತರ ನೀವೂ ಹೇಳ್ರಿ."

ವೈಜಿನಾಥ ಪೆಟ್ಟಿಗೆಯ ಮೇಲಿಂದ ಕತ್ತು ಉದ್ದ ಮಾಡಿದ. "ಗುರಮ್ಮನೋರೆ, ಭಾನುವಾರದ ತನಕ ಯಾಕ, ಈಗೇ ಹೇಳ್ತೇನಿ. ನೀವಂದ್ರ ನನಗ ಜೀವ. ಪೆಟಗಿ ಇದ್ರೂ, ಇರದಿದ್ರೂ. ಲಗ್ನ ಆದ ಮ್ಯಾಲೂ ನಿಮ್ ಮೇಜಿನ ಮುಂದ ಬ್ಯಾಟರಿ ಹಿಡೀತೇನಿ. ಬೋರ್ಡಿನ ಮ್ಯಾಲೇ ಹಿಡೀತೇನಿ ಅಂತ ಮಾತ್ರ ಹೇಳ್ಲಿಕ್ಕಾಗಲ್ಲ."

"ಅದು ಆಮ್ಯಾಲ ಮಾತಾಡ್ರಿ ಅಣ್ಣಾ," ಅಂದ ಕಂಡಕ್ಟರ್, ಯಾವಾಗಿನಿಂದ ನಿಂತಿದ್ದನೋ. "ಅಕ್ಕಗ ಫ್ರೀ. ನಿಮಗ ಟಿಕೇಟ್. ನಡಬರಕ ಕುಂತದಲ್ಲ, ಇದಕ್ಕ ಲಗೇಜ್ ಟಿಕೇಟ್. ಇದು ಏನು, ಮನಷ್ಯಾರ ಸೀಟಿನ್ಯಾಗ?"

ಹಿಂದಿನ ಸೀಟಿನಲ್ಲಿ ಯಾರೋ ನಕ್ಕರು. ವೈಜಿನಾಥ ಜೇಬಿಗೆ ಕೈ ಹಾಕಿ, ಸಿಗದೆ, ಇನ್ನೊಂದು ಜೇಬು ತಡಕಿದ.

ಗುರಮ್ಮ ಎದ್ದಳು. ಪೆಟ್ಟಿಗೆಯನ್ನು ಎರಡೂ ಕೈಯಿಂದ ಎತ್ತಿ, ಕಿಟಕಿಯ ಪಕ್ಕಕ್ಕೆ ಸರಿಸಿ, ಬೀಳದಂತೆ ಒರಗಿಸಿ, ಕೌದಿಯ ಅಂಚನ್ನು ಸರಿಮಾಡಿದಳು. ಆಮೇಲೆ ನಡುವಿನ ಖಾಲಿ ಜಾಗದಲ್ಲಿ ಕುಳಿತು, ಸೆರಗು ಬಿಗಿ ಮಾಡಿಕೊಂಡು, ಕಂಡಕ್ಟರನ ಕಡೆ ತಿರುಗಿದಳು.

"ಪೆಟಗಿಗಿ ಹೊರಗ ನೋಡ್ಬೇಕಂತ್ರಿ," ಅಂದಳು. "ಲಗೇಜ್ ಟಿಕೇಟ್ ಹರೀರಿ."